ಅನಾಥರ ಲೆಕ್ಕ, ಎರಡು ಸಾವಿರ ಶಿಲಿಂಗ್, ಒಂದು ಜೊತೆ ಯೂನಿಫಾರ್ಮ್: ಪೂರ್ವ ಆಫ್ರಿಕಾದ ಮಕ್ಕಳ ರಕ್ಷಣೆ ಕುರಿತ ಟಿಪ್ಪಣಿ

ಸಮಾಜಕಾರ್ಯ ಓದುತ್ತಿರುವವರಿಗೆ ಬರೆದ ಟಿಪ್ಪಣಿ ಇದು. ಕೀನ್ಯಾ, ಉಗಾಂಡಾ, ತಾಂಜಾನಿಯಾ, ರುವಾಂಡಾ ನಾಲ್ಕನ್ನೂ ಪಠ್ಯದ ಒಂದೇ ಘಟಕದಲ್ಲಿ ತುರುಕಿರುವುದರಿಂದ ಎಲ್ಲ ಕಲಸುಮೇಲೋಗರ ಆಗುತ್ತದೆ. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಇಲ್ಲಿ ಮುಟ್ಟಿಲ್ಲ. ಅದು ಎಲ್ಲರಿಗೂ ಬಾಯಿಪಾಠ ಇರುತ್ತದೆ. ತಲೆ ಕೆಡುವುದು ಅನಾಥರನ್ನು ಎಣಿಸುವ ಜಾಗದಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಯಾರನ್ನು ಅನಾಥ ಎಂದು ಎಣಿಸುತ್ತಾರೆ?

ಯುನಿಸೆಫ್ ಲೆಕ್ಕದಲ್ಲಿ 18 ತುಂಬದ ಮಗುವಿನ ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದರೂ ಆ ಮಗು ಅನಾಥ. ಹೀಗೆ ಎಣಿಸಿದರೆ 2015ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥ ಮಕ್ಕಳಿದ್ದರು. ಇಬ್ಬರನ್ನೂ ಕಳೆದುಕೊಂಡವರು ಅದರಲ್ಲಿ ಒಂದೂವರೆ ಕೋಟಿ ಮಾತ್ರ. ಅಂದರೆ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಈ ಒಂದು ಸಂಗತಿ ಗಟ್ಟಿಯಾದರೆ ಮುಂದಿನ ಅರ್ಧ ಪಾಠ ತಾನಾಗಿ ಬಿಡಿಸಿಕೊಳ್ಳುತ್ತದೆ.

ಈಗ ಕೋಷ್ಟಕ ಓದುವ ಕಷ್ಟ. ವರದಿಗಳಲ್ಲಿ ಮೂರು ಸಾಲು ಇರುತ್ತವೆ: ತಾಯಿ ಇಲ್ಲದವರು, ತಂದೆ ಇಲ್ಲದವರು, ಇಬ್ಬರೂ ಇಲ್ಲದವರು. ಮೂರನ್ನೂ ಕೂಡಿಸಿ ಒಟ್ಟು ಬರೆಯೋಣ ಅನಿಸುತ್ತದೆ, ಅಲ್ವಾ? ಕೂಡಿಸಬಾರದು. ‘ತಾಯಿ ಇಲ್ಲದವರು’ ಅಂದರೆ ತಾಯಿ ತೀರಿಕೊಂಡ ಎಲ್ಲ ಮಕ್ಕಳು. ತಂದೆ ಇದ್ದಾರೋ ಇಲ್ಲವೋ ಎಂದು ಆ ಸಾಲು ಕೇಳುವುದೇ ಇಲ್ಲ. ‘ತಂದೆ ಇಲ್ಲದವರು’ ಸಾಲೂ ಹಾಗೆಯೇ. ಹಾಗಾಗಿ ಇಬ್ಬರೂ ಇಲ್ಲದ ಮಗು ಎರಡು ಸಾಲಿನಲ್ಲೂ ಒಂದೊಂದು ಸಲ ಬಂದು ಕೂತಿರುತ್ತದೆ.

ಸುಮ್ನೆ ಒಂದು ಊರು ಅಂದುಕೊಳ್ಳಿ. ಅಲ್ಲಿ 100 ಮಕ್ಕಳು. ತಂದೆ ಇಲ್ಲದವರು 9, ತಾಯಿ ಇಲ್ಲದವರು 5, ಇಬ್ಬರೂ ಇಲ್ಲದವರು 2. ಆ ಇಬ್ಬರು 9ರಲ್ಲೂ ಇದ್ದಾರೆ, 5ರಲ್ಲೂ ಇದ್ದಾರೆ. 9 ಕೂಡಿಸು 5 ಅಂದರೆ 14. ಎರಡು ಸಲ ಎಣಿಸಿದ 2 ಕಳೆದರೆ 12. ಊರಿನಲ್ಲಿ ಅನಾಥ ಮಕ್ಕಳು 12. ಕಣ್ಣು ಮುಚ್ಚಿ ಮೂರೂ ಸಾಲು ಕೂಡಿಸಿದ್ದರೆ 16 ಬರುತ್ತಿತ್ತು. ಒಬ್ಬರು ಮಾತ್ರ ಇಲ್ಲದವರು ಎಷ್ಟು ಎಂದು ಕೇಳಿದರೆ 12ರಲ್ಲಿ 2 ಕಳೆದು 10.

ಇನ್ನೊಂದು ಎಚ್ಚರಿಕೆ. ಏಡ್ಸ್ ಜೋರಾಗಿದ್ದ ಕಾಲದ ಹಳೆಯ ವರದಿಗಳಲ್ಲಿ ವಯಸ್ಸಿನ ಗೆರೆ 15 ಇತ್ತು. ತಾಯಿಯನ್ನೋ ಇಬ್ಬರನ್ನೂ ಕಳೆದುಕೊಂಡವರನ್ನೋ ಮಾತ್ರ ಎಣಿಸುತ್ತಿದ್ದರು. ಗೆರೆ 18ಕ್ಕೆ ಸರಿದಿದ್ದು ಆಮೇಲೆ. ಹಳೆಯ ಸಂಖ್ಯೆ ಪಕ್ಕ ಹೊಸದನ್ನಿಟ್ಟು ‘ಅನಾಥರು ಜಾಸ್ತಿಯಾದರು’ ಎಂದು ಬರೆಯುವ ಮೊದಲು ವ್ಯಾಖ್ಯಾನ ನೋಡಿ.

ಹಾಗಾದರೆ ಅನಾಥಾಲಯದಲ್ಲಿ ಇರುವವರು ಯಾರು?

ಹೆಚ್ಚಿನವರಿಗೆ ಯಾರಾದರೂ ಇದ್ದಾರೆ. ಮನೆಯಲ್ಲಿ ಊಟಕ್ಕೆ, ಶಾಲೆಗೆ, ಔಷಧಿಗೆ ದುಡ್ಡಿಲ್ಲ. ಕಟ್ಟಡದಲ್ಲಿ ಮೂರೂ ಸಿಗುತ್ತವೆ. ಮಗುವನ್ನು ಅಲ್ಲಿ ಬಿಟ್ಟ ಅಜ್ಜಿಯ ಕಡೆಯಿಂದ ನೋಡಿದರೆ ಅದು ಬೋರ್ಡಿಂಗ್ ಶಾಲೆ.

ರುವಾಂಡಾ ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡಿತು. 1994ರ ನರಮೇಧದ ಬಳಿಕ ಅಲ್ಲಿ ಅಕ್ಕ ಅಣ್ಣಂದಿರೇ ತಮ್ಮ ತಂಗಿಯರನ್ನು ಸಾಕುವ ಮನೆಗಳು ಸಾವಿರಾರು ಹುಟ್ಟಿದವು. ಅನಾಥಾಲಯಗಳೂ ಎದ್ದವು. 2012ರ ಸಮೀಕ್ಷೆ ಹೊತ್ತಿಗೆ 33 ಸಂಸ್ಥೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು, ಯುವಕರು ಇದ್ದರು. ಅದರ ಮರುವರ್ಷ ‘ತುಬರೆರೆರೆ ಮು ಮುರ್‍ಯಾಂಗೊ’ ಶುರುವಾಯಿತು: ಮಕ್ಕಳನ್ನು ಕುಟುಂಬದಲ್ಲೇ ಬೆಳೆಸೋಣ ಎಂಬ ಕಾರ್ಯಕ್ರಮ. ನೆಂಟರು ಸಿಕ್ಕಿದವರು ನೆಂಟರ ಮನೆಗೆ, ಸಿಗದವರು ಸಾಕು ಮನೆಗೆ. ಸಾಕುವವರಿಗೆ ಅಲ್ಲಿನ ಹೆಸರು ‘ಮಲಾಯಿಕಾ ಮುರಿಂಜಿ’, ಕಾಯುವ ದೇವತೆ. ಇದಲ್ಲದೆ ಪ್ರತಿ ಹಳ್ಳಿಗೆ ಒಬ್ಬ ಗಂಡಸು, ಒಬ್ಬ ಹೆಂಗಸು ಸ್ವಯಂಸೇವಕರು. ಅವರಿಗೆ ‘ಕುಟುಂಬದ ಗೆಳೆಯರು’ ಎಂದು ಹೆಸರು. ಹೊಡೆತ ಬಡಿತ, ಶಾಲೆ ಬಿಟ್ಟಿದ್ದು ಮೊದಲು ಗೊತ್ತಾಗುವುದು ಇವರಿಗೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಗಟ್ಟಿ ಕೊಂಡಿ ಇದೇ. ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ.

ಕೀನ್ಯಾ 2017ರಲ್ಲಿ ಹೊಸ ಅನಾಥಾಲಯಗಳ ನೋಂದಣಿ ನಿಲ್ಲಿಸಿತು. 2022ರಲ್ಲಿ ಹೊಸ ಮಕ್ಕಳ ಕಾಯ್ದೆ ಬಂತು, 2001ರ ಹಳೆಯದು ಹೋಯಿತು. ಕುಟುಂಬಕ್ಕೆ ಮರಳಿಸುವ ಹತ್ತು ವರ್ಷದ ಯೋಜನೆಯೂ ಅದೇ ವರ್ಷದ್ದು. ಮುಸ್ಲಿಂ ಕುಟುಂಬಗಳ ‘ಕಫಾಲಾ’ಕ್ಕೂ, ಅಂದರೆ ದತ್ತು ಪಡೆಯದೆ ಮಗುವನ್ನು ಸಾಕುವ ಪದ್ಧತಿಗೂ, ಹೊಸ ಕಾಯ್ದೆ ಜಾಗ ಕೊಟ್ಟಿದೆ.

ನನ್ನ ಅಡ್ಡದಾರಿ

ಯಾವ ಯೋಜನೆ ಎದುರು ಬಂದರೂ ಒಂದೇ ಪ್ರಶ್ನೆ ಕೇಳಿ: ದುಡ್ಡು ಯಾರ ಕೈ ಸೇರುತ್ತದೆ? ಕಟ್ಟಡಕ್ಕಾ, ಶಾಲೆಗಾ, ಮನೆಗಾ, ಹುಡುಗಿಯ ಕೈಗೇನಾ? ಉತ್ತರ ಸಿಕ್ಕಿತು ಅಂದರೆ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಅರ್ಧಕ್ಕರ್ಧ ಊಹಿಸಬಹುದು.

ಮನೆಗೆ ಹೋದ ದುಡ್ಡು

ಕೀನ್ಯಾದಲ್ಲಿ ಅನಾಥ ಮತ್ತು ದುರ್ಬಲ ಮಕ್ಕಳಿರುವ ಮನೆಗಳಿಗೆ ನಗದು ಕೊಡುವ ಯೋಜನೆ 2004ರಲ್ಲಿ ಶುರುವಾಯಿತು. ಮೊದಲ ಪ್ರಯೋಗ ನೈರೋಬಿ, ಕ್ವಾಲೆ, ಗರಿಸ್ಸಾದಲ್ಲಿ, ಬರೀ 500 ಮನೆಗಳಿಗೆ. ಮುಂದೆ ಅದು ಲಕ್ಷಗಟ್ಟಲೆ ಮನೆಗಳಿಗೆ ಹಬ್ಬಿತು. ಮನೆ ಬಡ ಮನೆಯಾಗಿರಬೇಕು. ಮಗು ಅನಾಥವಾಗಿರಬೇಕು, ಇಲ್ಲವೇ ಸಾಕುವವರು ದೀರ್ಘ ಕಾಯಿಲೆಯಲ್ಲಿರಬೇಕು, ಇಲ್ಲವೇ ಮನೆ ನಡೆಸುವುದೇ ಒಂದು ಮಗು ಆಗಿರಬೇಕು. ಅಪ್ಪ ಅಮ್ಮ ಇಬ್ಬರೂ ಇರುವ ಮಗು ಕೂಡ ಇದರೊಳಗೆ ಬರುತ್ತದೆ, ಗಮನಿಸಿ. ಊರಿನ ಸಮಿತಿ ಮನೆಗಳ ಪಟ್ಟಿ ಮಾಡುತ್ತದೆ. ಗಣತಿಯವರು ಬಂದು ಪರೀಕ್ಷಿಸುತ್ತಾರೆ. ಆಮೇಲೆ ಬರಾಜಾದಲ್ಲಿ, ಅಂದರೆ ಊರ ಸಭೆಯಲ್ಲಿ, ಹೆಸರುಗಳನ್ನು ಎಲ್ಲರ ಮುಂದೆ ಇಡುತ್ತಾರೆ.

ಮೊತ್ತ ತಿಂಗಳಿಗೆ 2,000 ಶಿಲಿಂಗ್. ಎರಡು ತಿಂಗಳದ್ದು ಒಟ್ಟಿಗೆ, 4,000 ಕೊಡುತ್ತಿದ್ದರು. ಇಲ್ಲಿ ನಿಂತು ನೋಡಿ: ಇದು ಮನೆಗೆ ಇಷ್ಟು ಅಂತ ಕೊಡುವುದು, ಮಗುವಿಗೆ ಇಷ್ಟು ಅಂತಲ್ಲ. ಒಂದು ಮೊಮ್ಮಗು ಸಾಕುವ ಅಜ್ಜಿಗೂ 2,000, ಐದು ಮೊಮ್ಮಕ್ಕಳ ಅಜ್ಜಿಗೂ 2,000. ಎರಡನೆಯ ಮನೆಯಲ್ಲಿ ತಲೆಗೆ 400. ಮೇಲೆ, ಬೆಲೆಗಳು ಏರುತ್ತಲೇ ಇದ್ದರೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮೊತ್ತ ಅಲ್ಲಾಡಲಿಲ್ಲ.

ಫಲಿತಾಂಶ ಓದಿದಾಗ ಒಂದು ವಿಚಿತ್ರ ಕಾಣುತ್ತದೆ. ಪ್ರಾಥಮಿಕ ಶಾಲೆಯ ದಾಖಲಾತಿ ಹೆಚ್ಚೇನೂ ಬದಲಾಗಲಿಲ್ಲ. ಪ್ರೌಢಶಾಲೆಯದು ಸ್ಪಷ್ಟವಾಗಿ ಏರಿತು. ಯೋಜನೆ ಅರ್ಧ ಸೋತಿತಾ? ಇಲ್ಲ. ಕೀನ್ಯಾ 2003ರ ಜನವರಿಯಲ್ಲೇ ಪ್ರಾಥಮಿಕ ಶಿಕ್ಷಣದ ಶುಲ್ಕ ತೆಗೆದಿತ್ತು. ಒಂದೇ ವರ್ಷದಲ್ಲಿ ಮಕ್ಕಳ ಸಂಖ್ಯೆ ಸುಮಾರು 59 ಲಕ್ಷದಿಂದ 72 ಲಕ್ಷಕ್ಕೆ ಹಾರಿತ್ತು. ಬರಬೇಕಾದವರು ಹೆಚ್ಚುಕಮ್ಮಿ ಬಂದಾಗಿತ್ತು. ಇನ್ನೂ ಖರ್ಚು ಕೇಳುತ್ತಿದ್ದದ್ದು ಪ್ರೌಢಶಾಲೆ. ದುಡ್ಡು ಕೆಲಸ ಮಾಡಿದ್ದು ಅಲ್ಲೇ. ಪರೀಕ್ಷೆಯಲ್ಲಿ ‘ನಗದು ಕೊಟ್ಟರೆ ಶಿಕ್ಷಣ ಸುಧಾರಿಸುತ್ತದೆ’ ಎಂದಷ್ಟೇ ಬರೆಯಬೇಡಿ. ಯಾವ ಹಂತದ್ದು ಎಂದೂ ಬರೆಯಿರಿ.

ಶುಲ್ಕ ಇಲ್ಲ, ಆದರೂ ಖರ್ಚಿದೆ

ಉಗಾಂಡಾ 1997ರಲ್ಲೇ ಉಚಿತ ಪ್ರಾಥಮಿಕ ಶಿಕ್ಷಣ ತಂದಿತು. ಮೊದಮೊದಲು ಒಂದು ಕುಟುಂಬದ ನಾಲ್ಕು ಮಕ್ಕಳಿಗೆ ಮಾತ್ರ. ತರಗತಿಗಳು ಕಿಕ್ಕಿರಿದವು, ಕಲಿಕೆ ಸೊರಗಿತು. ಇದು ಎಲ್ಲ ಪುಸ್ತಕದಲ್ಲೂ ಇದೆ.

ನನಗೆ ಇಷ್ಟವಾದದ್ದು ಯೂನಿಫಾರ್ಮ್ ಪ್ರಯೋಗ. ಶುಲ್ಕ ಹೋದರೂ ಪೋಷಕರ ತಲೆ ಮೇಲೆ ಉಳಿದದ್ದು ಯೂನಿಫಾರ್ಮ್ ಖರ್ಚು. 2003ರಿಂದ ಪಶ್ಚಿಮ ಕೀನ್ಯಾದ 328 ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಪಾಸ್ಕಲಿನ್ ಡುಪಾ, ಮೈಕಲ್ ಕ್ರೆಮರ್ ಒಂದು ಅಧ್ಯಯನ ನಡೆಸಿದರು. ಕೆಲವು ಶಾಲೆಗಳ ಮಕ್ಕಳಿಗೆ ಯೂನಿಫಾರ್ಮ್ ಬಿಟ್ಟಿ ಸಿಕ್ಕಿತು, ಅಷ್ಟೇ. ಶಾಲೆ ಬಿಡುವವರು ಕಮ್ಮಿಯಾದರು. ಹುಡುಗಿಯರಲ್ಲಿ ಚಿಕ್ಕ ವಯಸ್ಸಿನ ಮದುವೆ, ಬಸಿರು ಎರಡೂ ಇಳಿದವು. ಬಟ್ಟೆಗೂ ಬಸಿರಿಗೂ ಏನು ಸಂಬಂಧ ಅಂದರೆ, ನಡುವೆ ಶಾಲೆ ಇದೆ. ಶಾಲೆಯಲ್ಲಿ ಉಳಿದ ಹುಡುಗಿಗೆ ಮದುವೆಯ ಮಾತು ತಡವಾಗಿ ಬರುತ್ತದೆ.

ಹುಡುಗಿಯ ಕೈಗೇ

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2008ರಲ್ಲಿ ಉಗಾಂಡಾದಲ್ಲಿ ಹದಿಹರೆಯದ ಹುಡುಗಿಯರಿಗೆ ಕ್ಲಬ್ಬುಗಳನ್ನು ತೆರೆಯಿತು. ಶಾಲೆಯ ಹೊರಗೆ, ಊರೊಳಗೆ ಒಂದು ಜಾಗ. ನಡೆಸುವವಳು ಅವರಿಗಿಂತ ಸ್ವಲ್ಪ ದೊಡ್ಡ ಹುಡುಗಿ. ದೇಹ, ಆರೋಗ್ಯದ ಬಗ್ಗೆ ಮಾತು, ಜೊತೆಗೆ ದುಡಿಯುವ ಕಸುಬು. ಶಾಲೆ ಬಿಟ್ಟವರಿಗೂ ಬಾಗಿಲು ತೆರೆದಿತ್ತು, ಅದೇ ಇದರ ಗುಟ್ಟು. ನಾಲ್ಕು ವರ್ಷದ ನಂತರ ಆ ಊರುಗಳಲ್ಲಿ ಹದಿಹರೆಯದ ಬಸಿರು ಮೂರನೇ ಒಂದರಷ್ಟು ಇಳಿದಿತ್ತು. ಇಷ್ಟವಿಲ್ಲದೆ ಲೈಂಗಿಕ ಸಂಪರ್ಕಕ್ಕೆ ಒಳಗಾದೆವು ಎಂದ ಹುಡುಗಿಯರ ಪಾಲೂ ಹತ್ತಿರಹತ್ತಿರ ಅಷ್ಟೇ ಇಳಿದಿತ್ತು. ಸಬಲೀಕರಣ ಮತ್ತು ರಕ್ಷಣೆ ಬೇರೆಬೇರೆ ಶೀರ್ಷಿಕೆಯಲ್ಲಿ ಬರೆಯುವವರು ಈ ಉದಾಹರಣೆಯನ್ನು ಯಾವುದರಲ್ಲಿ ಹಾಕುತ್ತಾರೋ ನೋಡಬೇಕು.

ಕಾನೂನು, ಚುಟುಕಾಗಿ

ಮಕ್ಕಳ ಸಹಾಯವಾಣಿ ಸಂಖ್ಯೆ ಕೀನ್ಯಾ, ಉಗಾಂಡಾ, ತಾಂಜಾನಿಯಾ ಮೂರಲ್ಲೂ 116, ನಮ್ಮ 1098 ಇದ್ದ ಹಾಗೆ. ಕೀನ್ಯಾದ 2010ರ ಸಂವಿಧಾನದ 53ನೇ ವಿಧಿ ಉಚಿತ, ಕಡ್ಡಾಯ ಮೂಲ ಶಿಕ್ಷಣವನ್ನು ಹಕ್ಕು ಮಾಡಿದೆ. ಹೆಣ್ಣುಮಕ್ಕಳ ಜನನಾಂಗ ಛೇದನ ತಡೆಯುವ ಕಾಯ್ದೆ ಅಲ್ಲಿ 2011ರದು.

ತಾಂಜಾನಿಯಾದಲ್ಲಿ 1971ರ ಮದುವೆ ಕಾಯ್ದೆ ಪೋಷಕರು ಒಪ್ಪಿದರೆ ಹುಡುಗಿಗೆ 15ಕ್ಕೇ ಮದುವೆಗೆ ಅವಕಾಶ ಕೊಟ್ಟಿತ್ತು, ಹುಡುಗರಿಗೆ 18. ವಕೀಲೆ ರೆಬೆಕಾ ಗ್ಯೂಮಿ ಕೋರ್ಟಿಗೆ ಹೋದರು. 2016ರಲ್ಲಿ ಹೈಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ಸರ್ಕಾರ ಮೇಲ್ಮನವಿ ಹಾಕಿ 2019ರ ಅಕ್ಟೋಬರ್‌ನಲ್ಲಿ ಸೋತಿತು. ಇದನ್ನು ಬಸಿರಾದ ಹುಡುಗಿಯರನ್ನು ಶಾಲೆಯಿಂದ ಹೊರಗಿಡುತ್ತಿದ್ದ ವಿಷಯದ ಜೊತೆ ಬೆರೆಸಬೇಡಿ. ಅದು ಕೋರ್ಟಿನ ಕೇಸಲ್ಲ, 2021ರ ನವೆಂಬರ್‌ನಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿ ತೆಗೆದದ್ದು. ಪಕ್ಕದ ಕೀನ್ಯಾದಲ್ಲಿ ಹೆರಿಗೆಯಾದ ಹುಡುಗಿ ಶಾಲೆಗೆ ಮರಳುವ ನೀತಿ 1994ರಿಂದಲೇ ಇದೆ.