ಎಂ10 ಟ್ಯಾಪಿಂಗ್: ಫಿಟ್ಟರ್ ಅಪ್ರೆಂಟಿಸ್‌ಗಳಿಗೆ ಟಿಪ್ಪಣಿ

ಐಟಿಐನಲ್ಲಿ ನಾವು ಡ್ರಿಲ್ಲಿಂಗ್ (ತೂತು ಕೊರೆಯುವುದು), ಟ್ಯಾಪಿಂಗ್ (ತೂತಿನೊಳಗೆ ಟ್ಯಾಪ್ ಎಂಬ ಉಪಕರಣದಿಂದ ಬೋಲ್ಟ್ ಕೂರುವ ಥ್ರೆಡ್ ಕೊರೆಯುವುದು) ಕಲಿಯುವುದು ಹೆಚ್ಚಾಗಿ ಮೈಲ್ಡ್ ಸ್ಟೀಲ್ ಮೇಲೆ, ಎಣ್ಣೆ ಬಿಟ್ಟುಕೊಂಡು. ಶಿವಮೊಗ್ಗದ ಮಾಚೇನಹಳ್ಳಿ ಕಡೆ ಅಪ್ರೆಂಟಿಸ್ ಆಗಿ ಸೇರಿದರೆ ಎರಕದ ಜಾಬ್ (ಅಚ್ಚಿಗೆ ಹೊಯ್ದು ಮಾಡಿದ ಭಾಗ) ಕೈಗೆ ಬರುವುದು ಸಾಮಾನ್ಯ. ಅಲ್ಲಿ ಅದೇ ಅಭ್ಯಾಸ ನಡೆಯುವುದಿಲ್ಲ. ಬೂದು ಎರಕದಲ್ಲಿ (ಗ್ರೇ ಕಾಸ್ಟ್ ಐರನ್) ಸುರುಳಿ ಬರುವುದಿಲ್ಲ, ಪುಡಿ ಬರುತ್ತದೆ. ಎಣ್ಣೆ ಬಿಟ್ಟರೆ ಪುಡಿ ಕೆಸರಾಗಿ ತೂತಿನಲ್ಲೇ ಕೂರುತ್ತದೆ. ಆದ್ದರಿಂದ ಡ್ರಿಲ್ಲಿಂಗ್ ಎಣ್ಣೆ ಬಿಡದೆ ಒಣದಾಗಿಯೇ ಮಾಡಿ.

ಲೆಕ್ಕ ಸುಲಭ. ಎಂ10 ಅಂದರೆ 10 ಮಿ.ಮೀ. ವ್ಯಾಸದ ಥ್ರೆಡ್; ಅದರ ಪಿಚ್ (ಒಂದು ಹಲ್ಲಿನಿಂದ ಇನ್ನೊಂದಕ್ಕಿರುವ ದೂರ) 1.5 ಮಿ.ಮೀ.; 10ರಲ್ಲಿ 1.5 ಕಳೆದರೆ ಡ್ರಿಲ್ 8.5. ಎಚ್ಎಸ್ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್‌ಗೆ ನಿಮಿಷಕ್ಕೆ 22 ಮೀಟರ್ ವೇಗ ಹಿಡಿದರೆ 22 × 1000 ÷ (3.14 × 8.5), ಅಂದರೆ ಸುಮಾರು 820 ಆರ್‌ಪಿಎಂ. ಯಂತ್ರದಲ್ಲಿ ಅಷ್ಟೇ ಇಲ್ಲದಿದ್ದರೆ ಅದಕ್ಕಿಂತ ಒಂದು ಹೆಜ್ಜೆ ಕಡಿಮೆ ಇಡಿ.

ನಿಜವಾದ ಕಲಿಕೆ ಜಾಬ್ ಕೆಟ್ಟಾಗ ಶುರುವಾಗುತ್ತದೆ. ಟ್ಯಾಪ್ ಮಾಡಿದ ತೂತಿಗೆ ಸಾದಾ ಪ್ಲಗ್ ಗೇಜ್ ಹಾಕಿದಾಗ ನೋ-ಗೋ ತುದಿ (ಒಳಗೆ ಹೋಗಬಾರದ ತುದಿ) ಒಳಗೆ ಹೋಯಿತು ಅನ್ನಿ. ಹೊಸಬರು ಟ್ಯಾಪನ್ನೇ ಬೈಯುತ್ತಾರೆ. ಮೊದಲು ಡ್ರಿಲ್ ನೋಡಿ: ಗ್ರೈಂಡ್ ಮಾಡುವಾಗ ಎರಡು ಲಿಪ್‌ಗಳ (ತುದಿಯ ಕೊರೆಯುವ ಅಂಚುಗಳ) ಉದ್ದ ಹೆಚ್ಚುಕಡಿಮೆಯಾಗಿದ್ದರೆ 8.5ರ ಡ್ರಿಲ್ಲೇ ಅದಕ್ಕಿಂತ ದೊಡ್ಡ ತೂತು ಕೊರೆಯುತ್ತದೆ, ಥ್ರೆಡ್‌ನ ಹಲ್ಲು ಗಿಡ್ಡವಾಗುತ್ತದೆ. ಡ್ರಿಲ್ ಕಿರುಗುಟ್ಟಿ ಬೇಗ ಮೊಂಡಾದರೆ ಎರಕದ ಮೇಲ್ಪದರದಲ್ಲಿ ಮರಳು ಉಳಿದಿರಬಹುದು, ಅಥವಾ ಬೇಗ ಆರಿ ಗಡುಸಾಗಿರಬಹುದು. ಒತ್ತಿ ಕೊರೆಯಬೇಡಿ, ಸೂಪರ್‌ವೈಸರ್‌ಗೆ ತೋರಿಸಿ.

ಟ್ಯಾಪ್ ಮುರಿಯುವುದು ಬಹುಪಾಲು ತಳ ಮುಚ್ಚಿದ ತೂತಿನಲ್ಲಿ. 20 ಮಿ.ಮೀ. ಥ್ರೆಡ್ ಬೇಕಿದ್ದು, ಡ್ರಾಯಿಂಗ್ ಒಪ್ಪುವುದಾದರೆ ತೂತು 26–27 ಮಿ.ಮೀ. ಆಳ ಇರಲಿ. ಟೇಪರ್ (ತುದಿ ಸಣ್ಣಗಾಗುತ್ತ ಹೋಗುವುದು), ಎರಡನೆಯದು, ಬಾಟಮಿಂಗ್ (ತಳದ ಹತ್ತಿರದವರೆಗೂ ಕೊರೆಯುವುದು) ಈ ಕ್ರಮದಲ್ಲಿ ಟ್ಯಾಪ್ ಹಾಕಿ. ಪ್ರತಿ ಟ್ಯಾಪ್ ನಂತರ ಜಾಬನ್ನು ಬೋರಲು ಹಾಕಿ ಪುಡಿ ಉದುರಿಸಿ, ಬ್ರಶ್‌ನಿಂದ ತೆಗೆಯಿರಿ. ಏರ್ ಗನ್ ಬೇಡವೇ ಬೇಡ, ಪುಡಿ ನೇರ ಕಣ್ಣಿಗೆ ಹಾರುತ್ತದೆ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗೇಜನ್ನು ಬರಿಗೈಯಲ್ಲಿ ಮುಟ್ಟಿ ಹಾಗೇ ಇಟ್ಟರೆ ಬೆರಳಿನ ಗುರುತಿದ್ದಲ್ಲೇ ತುಕ್ಕು ಹಿಡಿಯುತ್ತದೆ. ಶಿಫ್ಟ್ ಮುಗಿದ ಮೇಲೆ ಒರೆಸಿ, ತೆಳುವಾಗಿ ಎಣ್ಣೆ ಸವರಿಡಿ. ಅಳೆಯುವ ಮೊದಲು ಆ ಎಣ್ಣೆ ಒರೆಸುವುದೂ ಅಷ್ಟೇ ಮುಖ್ಯ.

ಇನ್ನು ನೀವು ಬರೆಯುವ ಕೆಲಸದ ಡೈರಿ. 'ಟ್ಯಾಪಿಂಗ್ ಮಾಡಿದೆ' ಎಂದು ಬರೆದರೆ ನೀವು ಏನು ಕಲಿತಿರಿ ಎಂಬುದು ಯಾರಿಗೂ ಗೊತ್ತಾಗದು. ಹೀಗೆ ಬರೆಯಿರಿ: 'ಬೂದು ಎರಕ, ಎಂ10 ತಳ ಮುಚ್ಚಿದ ತೂತು. ಡ್ರಿಲ್ 8.5, ಒಣ. ಮೊದಲ ಜಾಬ್‌ನಲ್ಲಿ ನೋ-ಗೋ ಒಳಗೆ ಹೋಯಿತು. ಲಿಪ್ ಅಸಮ; ಮತ್ತೆ ಗ್ರೈಂಡ್ ಮಾಡಿದ ಮೇಲೆ ಸರಿಯಾಯಿತು.' ಅಪ್ರೆಂಟಿಸ್ ಕಾಯ್ದೆ 1961ರ ಪ್ರಕಾರ ತರಬೇತಿಯ ಪ್ರಗತಿಯ ದಾಖಲೆ ಇಡುವುದು ಮಾಲೀಕರ ಹೊಣೆ. ಆದರೂ ಸ್ವಂತ ಡೈರಿಗೆ ಅದೇ ವಾರ ಸೂಪರ್‌ವೈಸರ್ ಸಹಿ ಹಾಕಿಸಿಕೊಳ್ಳಿ. ವಿಭಾಗ ಬದಲಾದ ಮೇಲೆ ಹಳೆಯ ಕೆಲಸಕ್ಕೆ ಸಹಿ ಸಿಗುವುದು ಕಷ್ಟ.