ಬಳುವಳಿ ತಪ್ಪು: ಕತ್ತಿ ಕಂಡರೆ ಗಂಡು

ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ಕೊಡುವ ಹಸು, ಪಾತ್ರೆ, ಒಡವೆಗೆ ಬಳುವಳಿ ಎನ್ನುತ್ತೇವೆ. ಬಂದ ಬಂಗಾರವನ್ನು ಯಾರೂ ಅಲ್ಲೇ ಒರೆಗೆ ಹಚ್ಚುವುದಿಲ್ಲ. ವಿದ್ವತ್ತಿನಲ್ಲೂ ಹೀಗೆ ಪರೀಕ್ಷೆಯಿಲ್ಲದೆ ಕೈಯಿಂದ ಕೈಗೆ ದಾಟುವ ತಪ್ಪುಗಳಿವೆ. ಓಲೆಗರಿಗಳನ್ನು ಹೋಲಿಸಿ ನೋಡಿದವರಿಗೆ ಇದು ಹೊಸದಲ್ಲ. ಲಿಪಿಕಾರನೊಬ್ಬ ಒಂದಕ್ಷರ ತಪ್ಪಿದರೆ ಅದನ್ನು ನೋಡಿ ಬರೆದ ಹತ್ತು ಪ್ರತಿಗಳಲ್ಲೂ ಅದೇ ತಪ್ಪು. ಪ್ರತಿ ಹತ್ತಾದರೂ ಸಾಕ್ಷಿ ಒಂದೇ. ಪುರಾತತ್ವದಲ್ಲಿ ಇಂಥದ್ದನ್ನು 'ಬಳುವಳಿ ತಪ್ಪು' ಎನ್ನಬಹುದು.

ಯುರೋಪಿನ ಮಧ್ಯಯುಗದ ಆರಂಭಕಾಲದ ಸಮಾಧಿಗಳಲ್ಲಿ ಇದು ಚೆನ್ನಾಗಿ ಬೇರುಬಿಟ್ಟಿತ್ತು. ಅಲ್ಲಿ ಸತ್ತವರ ಜೊತೆ ಸಾಮಾನು ಇಟ್ಟು ಹೂಳುತ್ತಿದ್ದರು. ಅಂಥ ಎಷ್ಟೋ ಸಮಾಧಿಗಳನ್ನು ಅಗೆದದ್ದು 19ನೇ ಶತಮಾನದಲ್ಲಿ, ಎಲುಬು ಓದುವ ವಿದ್ಯೆ ಇನ್ನೂ ಬಲಿಯದಿದ್ದಾಗ. ಹಾಗಾಗಿ ಲೆಕ್ಕ ಸರಳವಾಗಿತ್ತು: ಕತ್ತಿ ಸಿಕ್ಕರೆ ಗಂಡು, ಮಣಿಸರ ಸಿಕ್ಕರೆ ಹೆಣ್ಣು.

ಸ್ವೀಡನ್ನಿನ ಬಿರ್ಕಾ ವೈಕಿಂಗರ, ಅಂದರೆ ಉತ್ತರ ಯುರೋಪಿನ ಕಡಲಯಾನಿಗಳ ಕಾಲದ ಪಟ್ಟಣ. ಅಲ್ಲಿ ಪುರಾತತ್ವಜ್ಞ ಯಾಲ್ಮಾರ್ ಸ್ಟೋಲ್ಪೆ ಸುಮಾರು 1,100 ಸಮಾಧಿಗಳನ್ನು ಅಗೆಸಿದ. 1878ರಲ್ಲಿ ತೆರೆದ ಒಂದಕ್ಕೆ ಬಿಜೆ 581 ಎಂಬ ಗುರುತು. 10ನೇ ಶತಮಾನದ್ದು. ಒಳಗೆ ಕತ್ತಿ, ಕೊಡಲಿ, ಈಟಿ, ಬಾಣ, ಕಾಳಗದ ಚೂರಿ, ಎರಡು ಗುರಾಣಿ. ಒಂದು ಹೆಣ್ಣು ಕುದುರೆ, ಒಂದು ಗಂಡು ಕುದುರೆ. ಜೊತೆಗೆ ಪಗಡೆಯಂಥ ಆಟದ ಕಾಯಿಗಳು. ಇಷ್ಟೆಲ್ಲ ನೋಡಿದ ಮೇಲೆ ಒಳಗಿದ್ದವನು ಯೋಧನಲ್ಲದೆ ಇನ್ಯಾರು? ಕುದುರೆಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದೆಂದು ವಿಂಗಡಿಸಲಾಯಿತು. ಮನುಷ್ಯನ ವಿಷಯದಲ್ಲಿ ಮಾತ್ರ ಕತ್ತಿಯ ಸಾಕ್ಷಿಯೇ ದಶಕಗಳ ಕಾಲ ನಡೆಯಿತು!

ತಪ್ಪು ಅಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಸಾಮಾನು ನೋಡಿ 'ಗಂಡಸಿನ ಸಮಾಧಿ' ಎಂದು ಪಟ್ಟಿಗೆ ಸೇರಿಸುತ್ತಾರೆ. ಮುಂದೆ ಯಾರೋ ಆ ಪಟ್ಟಿಯನ್ನೇ ಎಣಿಸಿ, ಆಯುಧಗಳೆಲ್ಲ ಗಂಡಸರ ಜೊತೆಗೇ ಸಿಗುತ್ತವೆ ಎಂದು ತೀರ್ಮಾನಿಸುತ್ತಾರೆ. ಆ ತೀರ್ಮಾನ ಮುಂದಿನ ಸಮಾಧಿಗೆ ಅಳತೆಗೋಲು. ಊಹೆ ತನಗೆ ತಾನೇ ಜಾಮೀನು ನಿಂತಂತೆ.

ಬಿಜೆ 581ರ ಎಲುಬು ಹೆಣ್ಣಿನದಿರಬಹುದು ಎಂಬ ಮಾತು 1970ರ ದಶಕದಲ್ಲೇ ಬಂದಿತ್ತು, ಕಿವಿಗೊಟ್ಟವರು ಕಡಿಮೆ. 2017ರಲ್ಲಿ ಷಾರ್ಲೊಟ್ ಹೆಡೆನ್‌ಸ್ಟಿಯೆರ್ನಾ-ಯೋನ್ಸನ್ ಅವರ ತಂಡ ಡಿಎನ್ಎ ಫಲಿತಾಂಶ ಪ್ರಕಟಿಸಿತು: ಎರಡು ಎಕ್ಸ್ ವರ್ಣತಂತು, ವೈ ಇಲ್ಲ. ಅಂದರೆ ಹೆಣ್ಣು. ಕೂಡಲೇ ತಕರಾರು ಎದ್ದಿತು. ಎಲುಬಿನ ಚೀಲ ಅದಲುಬದಲಾಗಿದ್ದರೆ? ಕೇಳಬೇಕಾದ ಪ್ರಶ್ನೆಯೇ, ಹಳೆಯ ಸಂಗ್ರಹಗಳಲ್ಲಿ ಅಂಥದ್ದು ಆಗುತ್ತದೆ. 2019ರಲ್ಲಿ ತಂಡ ಸ್ಟೋಲ್ಪೆಯ ದಾಖಲೆಗಳನ್ನು ಮುಂದಿಟ್ಟು ಉತ್ತರಿಸಿತು. ಆದರೂ ಒಂದು ಮಾತು: ಒಳಗಿರುವುದು ಗಂಡೆಂದು ನಂಬಿದ್ದಷ್ಟು ಕಾಲ ಆ ಚೀಲದ ಮೇಲೆ ಇಷ್ಟು ಅನುಮಾನ ಯಾರಿಗೂ ಬಂದಿರಲಿಲ್ಲ.

ಹಾಗೆಂದು ಪತ್ರಿಕೆಗಳು ಸಂಭ್ರಮಿಸಿದ 'ವೈಕಿಂಗ್ ವೀರನಾರಿ'ಯನ್ನೂ ನಾನು ಕಣ್ಮುಚ್ಚಿ ಒಪ್ಪಲಾರೆ. ಡಿಎನ್ಎ ಹೇಳಿದ್ದು ಹೆಣ್ಣು ಎಂದಷ್ಟೇ. 'ಯೋಧ' ಎಂಬುದು ಈಗಲೂ ಪಕ್ಕದಲ್ಲಿದ್ದ ಸಾಮಾನು ನೋಡಿ ಹೇಳಿದ ಮಾತು. ಪುರಾತತ್ವಜ್ಞ ಹೈನ್‌ರಿಖ್ ಹೆರ್ಕೆ 1990ರಲ್ಲೇ ಇಂಗ್ಲೆಂಡಿನ ಆಂಗ್ಲೊ-ಸ್ಯಾಕ್ಸನ್ (ಮಧ್ಯಯುಗದ ಆರಂಭಕಾಲದ) ಸಮಾಧಿಗಳನ್ನು ಪರಿಶೀಲಿಸಿ ತೋರಿಸಿದ್ದ: ಅಲ್ಲಿ ಯುದ್ಧಕ್ಕೆ ಹೋಗುವ ವಯಸ್ಸೇ ಆಗದ ಮಕ್ಕಳ ಪಕ್ಕದಲ್ಲೂ ಆಯುಧ ಇಟ್ಟಿದ್ದರು.