ಬರೆದವನೇ ಕ್ಯಾಮೆರಾ ಹಿಂದೆ ನಿಂತಾಗ

ರಂಗದಲ್ಲಿ ಗೆದ್ದ ಕೋರ್ಟ್ ನಾಟಕಗಳನ್ನು ತೆರೆಗೆ ತಂದವರು ಹೆಚ್ಚಾಗಿ ಬೇರೆಯವರೇ. ವಿಜಯ್ ತೆಂಡೂಲ್ಕರ್ ಅವರ ಅಣಕು ವಿಚಾರಣೆಯ ನಾಟಕ ‘ಶಾಂತತಾ! ಕೋರ್ಟ್ ಚಾಲೂ ಆಹೆ’ 1967ರಲ್ಲಿ ರಂಗ ಏರಿತು. 1971ರಲ್ಲಿ ಅದು ಸಿನಿಮಾ ಆದಾಗ ನಿರ್ದೇಶಕರು ಸತ್ಯದೇವ ದುಬೆ. ಆರನ್ ಸೋರ್ಕಿನ್ ಅವರ ‘ಎ ಫ್ಯೂ ಗುಡ್ ಮೆನ್’ 1989ರಲ್ಲಿ ಬ್ರಾಡ್‌ವೇ ಏರಿತು. 1992ರ ಚಿತ್ರಕ್ಕೆ ಚಿತ್ರಕಥೆ ಅವರದೇ, ನಿರ್ದೇಶನ ರಾಬ್ ರೈನರ್ ಅವರದು. ಸೋರ್ಕಿನ್ ತಾವೇ ವಿಚಾರಣೆಯೊಂದನ್ನು ನಿರ್ದೇಶಿಸಿದ್ದು 2020ರಲ್ಲಿ, ಅದೂ ತೆರೆಗೆಂದೇ ಬರೆದ ಕಥೆ.

ತನ್ನ ನಾಟಕವನ್ನು ತಾನೇ ತೆರೆಗೆ ತರುವವನಿಗೆ ತೊಡಕು ಪಾಟೀಸವಾಲಿನಲ್ಲೇ ಇದೆ. ಕೊನೆಯ ಸಾಲಿನವರಿಗೂ ಮುಟ್ಟಲೆಂದು ನಾಟಕಕಾರ ಒಂದೇ ಸಂಗತಿಯನ್ನು ಎರಡು ಮೂರು ಬಗೆಯಲ್ಲಿ ಆಡಿಸಿರುತ್ತಾನೆ. ಕ್ಲೋಸಪ್‌ನಲ್ಲಿ ಸಾಕ್ಷಿ ಉಗುಳು ನುಂಗಿದರೆ ಸಾಕು, ಮುಂದಿನ ಎರಡು ಸಾಲು ಹೊರೆ. ಬರೆದವನೇ ನಿರ್ದೇಶಕನಾದರೆ ಆ ಸಾಲುಗಳನ್ನು ಕತ್ತರಿಸೆಂದು ಸೆಟ್ಟಿನಲ್ಲಿ ಹೇಳುವವರಿಲ್ಲ. ಹಾಗಾಗಿ ಪ್ರತಿ ಪಾಟೀಸವಾಲನ್ನೂ ಕ್ಯಾಮೆರಾವನ್ನು ಕೇಳುಗರ ಮುಖದ ಮೇಲಿಟ್ಟು, ಮೊದಲಿನಿಂದ ಕೊನೆವರೆಗೆ, ಇಡಿಯಾಗಿ ಒಮ್ಮೆ ಚಿತ್ರಿಸಿಕೊಳ್ಳಬೇಕು. ಆ ಮುಖಗಳಿದ್ದರೆ ಸಂಕಲನದಲ್ಲಿ ಯಾವ ಸಾಲನ್ನಾದರೂ ಕೈಬಿಡಬಹುದು.

ಒಂದೇ ಕೋಣೆಯನ್ನು ಹೇಗೆ ಬೆಳೆಸಬಹುದೆಂದು 1957ರಲ್ಲಿ ಸಿಡ್ನಿ ಲ್ಯೂಮೆಟ್ ತೋರಿಸಿದರು. ರೆಜಿನಾಲ್ಡ್ ರೋಸ್ ಟಿವಿಗಾಗಿ 1954ರಲ್ಲಿ ಬರೆದಿದ್ದ, ಜ್ಯೂರಿ ಕೋಣೆಯಲ್ಲೇ ನಡೆಯುವ ‘ಟ್ವೆಲ್ವ್ ಆಂಗ್ರಿ ಮೆನ್’ ಚಿತ್ರದ ಮೊದಲ ಮೂರನೇ ಒಂದು ಭಾಗವನ್ನು ಅವರು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ, ನಡುವಿನದನ್ನು ಕಣ್ಣಿನ ಮಟ್ಟದಲ್ಲಿ, ಕೊನೆಯದನ್ನು ಕೆಳಗಿನಿಂದ ಚಿತ್ರಿಸಿದರು. ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಉದ್ದ ಲೆನ್ಸುಗಳೂ ಬರಬರುತ್ತಾ ಬಂದವು. ಗೋಡೆಗಳು ಹತ್ತಿರ ಬಂದಂತೆ, ಸೂರು ತಲೆಗೆ ತಾಗುವಂತೆ ಕಂಡಿದ್ದು ಇದರಿಂದಲೇ.

ಸೆಟ್ಟಿನಲ್ಲಿ ಕೈಕೊಡುವುದು ನೋಟದ ದಿಕ್ಕು. ಸಾಕ್ಷಿ, ವಕೀಲ, ನ್ಯಾಯಾಧೀಶ ಮೂವರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಸಾಕ್ಷಿ–ವಕೀಲರ ನಡುವಿನ ಕಾಲ್ಪನಿಕ ಗೆರೆಯನ್ನು ಕ್ಯಾಮೆರಾ ದಾಟಿತೋ, ಇಬ್ಬರೂ ಒಂದೇ ಕಡೆ ನೋಡಿದಂತೆ ಕಾಣುತ್ತಾರೆ. ದಾಟಲೇಬೇಕಿದ್ದರೆ ಶಾಟ್ ನಡೆಯುತ್ತಿರುವಾಗಲೇ, ವಕೀಲನ ನಡಿಗೆಯೊಡನೆ ದಾಟಬೇಕು. ರಂಗದಲ್ಲಿಲ್ಲದ ನಾಲ್ಕನೆಯ ಗೋಡೆಯೂ ಇಲ್ಲಿ ಬೇಕು, ಕಳಚಿಡುವಂತಿರಬೇಕು. ಗ್ಯಾಲರಿಯತ್ತ ನೋಡುವ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮುಗಿಸಿದರೆ ಜನಸಂದಣಿಯ ಖರ್ಚು ಉಳಿಯುತ್ತದೆ.

ಇನ್ನು ಧ್ವನಿ. ಮಾತಿನ ಮೇಲೆ ಬೀಳುವ ‘ಆಕ್ಷೇಪಣೆ!’ ರಂಗದಲ್ಲಿ ರೋಮಾಂಚನ. ಕ್ಲೋಸಪ್ ಚಿತ್ರಿಸುವಾಗ ಮಾತ್ರ ಅದು ಇನ್ನೊಬ್ಬರ ಮಾತಿನ ಮೈಕಿಗೂ ಅಂಟಿ, ಅಲ್ಲಿ ಕತ್ತರಿಸಲು ಬಿಡುವುದಿಲ್ಲ. ನಟರು ಕೂದಲೆಳೆಯಷ್ಟು ಬಿಡುವು ಕೊಡಬೇಕು. ಮೇಲೆ ಬೀಳಿಸುವುದು ಸಂಕಲನಕಾರರ ಕೆಲಸ. ನಾಟಕದ ಲಯ ನಾಲಿಗೆಗೆ ಹತ್ತಿದವರಿಗೆ ಇದು ನಿಜಕ್ಕೂ ಕಷ್ಟ.

ನಾಟಕಕಾರನೊಬ್ಬನಿಗೇ ದಕ್ಕುವ ಅವಕಾಶವೂ ಒಂದಿದೆ: ವೇಗಕ್ಕಾಗಿ ತಾನೇ ಬಿಟ್ಟದ್ದನ್ನು ಮರಳಿ ತರುವುದು. ಉದಾಹರಣೆಗೆ, ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿಯ ಮಾತನ್ನು ನ್ಯಾಯಾಧೀಶರು ತಮ್ಮ ವಾಕ್ಯದಲ್ಲಿ ಬೆರಳಚ್ಚುಗಾರರಿಗೆ ಹೇಳಿ ಬರೆಸುವುದುಂಟು. ಕೀಲಿಗಳ ಸದ್ದು ನಿಲ್ಲುವವರೆಗೆ ಸಾಕ್ಷಿ ಕಟಕಟೆಯಲ್ಲಿ ಸುಮ್ಮನೆ ನಿಂತಿರುತ್ತಾನೆ.